ತಂಗಿಯ ಮಾತಿಗೆ ಅಡ್ಡ ಬಂದೆ

ಕುಷ್ಟಗಿ ಗ್ರಂಥಾಲಯದ ಓದುಗರ ಕೂಟದಲ್ಲಿ, ಆ ವಾರ ಓದಿದ ಕಥೆಯ ಬಗ್ಗೆ ಮೊದಲ ಬಾರಿ ಮಾತಾಡಲು ಎದ್ದ ತಂಗಿ ರೇಣುಕಾ, ಮೊದಲ ಶಬ್ದಕ್ಕೇ ಉಗ್ಗಿ ನಿಂತಳು. ಅಂಗಡಿ, ಆಸ್ಪತ್ರೆ, ಎಲ್ಲೇ ಆಗಲಿ ಅವಳ ಮಾತನ್ನು ನಾನೇ ಮುಗಿಸುವುದು ರೂಢಿ. ಇಲ್ಲೂ ಎದ್ದುಬಿಟ್ಟೆ.

“ಕಥಿ ಭಾಳ ಛಲೋ ಐತಿ ಅಂತಾಳ್ರಿ.”

ಅವಳು ನನ್ನತ್ತ ತಿರುಗಿದಳು. “ಅ... ಅಲ್ಲಣ್ಣಾ. ಕ... ಕಥಿ ನನಗ ಸೇರಲಿಲ್ಲ. ಕಥ್ಯಾಗಿನ ಆ ತಾಯಿ ಅಷ್ಟು ಸುಮ್ಮನ ಇರಬಾರದಿತ್ತು. ನೀ ಕುಂದ್ರು.”

ಎಲ್ಲರೂ ನಕ್ಕರು. ನಾನು ನಾಚಿ ಕುಳಿತೆ. ಅವಳು ತಡವರಿಸುತ್ತಲೇ ಕಥೆಯನ್ನು ಬಿಡಿಸಿಟ್ಟಳು. ಯಾರೂ ಅವಸರಪಡಿಸಲಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟ ನನಗೆ, ಇವಳು ನನ್ನ ತಂಗಿ ಎಂದು ಕೂಗಿ ಹೇಳಬೇಕೆನಿಸಿತು.

ಇಷ್ಟು ವರ್ಷ ಅವಳ ಹೆಸರಿನಲ್ಲಿ ನಾನು ಹೇಳಿದ್ದೆಲ್ಲ ಬರೀ ನನ್ನ ಮಾತೇ ಇರಬೇಕು. ಈಗ ಅವಳೇ ಮಾತು ಮುಗಿಸುವವರೆಗೆ ಬಾಯಿ ಬಿಗಿಹಿಡಿದು ಕಾಯುತ್ತೇನೆ. ಕಾದು ಕಾದು ಒಮ್ಮೊಮ್ಮೆ ಅವಳಿಂದ ಪೂರ್ತಿ ಬೈಗುಳವನ್ನೇ ಕೇಳಿಸಿಕೊಳ್ಳುತ್ತೇನೆ.