ತುರೋಲ್ ಎಡಗೈಯಲ್ಲಿ ಬರೆದ ಚೀಟಿ

ಆನ್ಸೆಲ್ಮ್ ವಾರಪತ್ರಿಕೆಯೊಂದಕ್ಕೆ ನಟನಟಿಯರ ವ್ಯಂಗ್ಯಚಿತ್ರ ಬರೆದದ್ದು ಒಟ್ಟು ಹದಿನಾಲ್ಕು ತಿಂಗಳು. ಅಷ್ಟನ್ನೂ ಪ್ಯಾರಿಸ್ಸಿನ ನಮ್ಮ ನಾಟಕಶಾಲೆಯ ಉಡುಪಿನ ಕೋಣೆಯಲ್ಲಿ, ನನ್ನ ಇಸ್ತ್ರಿ ಮೇಜಿನ ಮೂಲೆಗೆ ಕೂತೇ ಬರೆದ. ಅಲ್ಲಿ ಒಲೆಯ ಶಾಖವಿತ್ತು. ವೇಷ ಬಿಗಿ ಮಾಡಿಸಿಕೊಳ್ಳಲು ಬಂದವರು ಅವನ ಎದುರಿಗೇ ನಿಲ್ಲಬೇಕಿತ್ತು.

ಅವನು ಗ್ರೆನೋಬ್ಲಿನವನು. ಅಪ್ಪ ಕೈಗವಸಿನ ಚರ್ಮ ಕತ್ತರಿಸುವವನು. ಅದಕ್ಕೋ ಏನೋ, ಯಾರು ಒಳಗೆ ಬಂದರೂ ಮೊದಲು ಅವರ ಕೈ ನೋಡುತ್ತಿದ್ದ.

"ಕೈ ಸಿಕ್ಕಿದ್ರೆ ಸಾಕು ಸಿದೋನಿಯಮ್ಮ, ಮುಖ ಅದರ ಹಿಂದೆ ಬರುತ್ತೆ" ಎನ್ನುತ್ತಿದ್ದ.

ಆಗಿನ ಕಾನೂನಿನಂತೆ, ಬದುಕಿರುವವರ ಮುಖವನ್ನು ಹಾಗೆ ಅಚ್ಚು ಹಾಕಬೇಕಾದರೆ ಅವರದೇ ಕೈಬರಹದ ಒಪ್ಪಿಗೆ ಚೀಟಿ ಬೇಕಿತ್ತು. ಸರ್ಕಾರಿ ಕಚೇರಿಯವರು ಅದನ್ನು ನೋಡಿ ಮುದ್ರೆ ಒತ್ತಬೇಕು. ಚಿತ್ರದ ಕೆಳಗೆ ಆ ಚೀಟಿಯೂ ಅಚ್ಚಾಗುತ್ತಿದ್ದರಿಂದ ನಟರು ಅದರಲ್ಲೂ ಜನರನ್ನು ನಗಿಸಲು ನೋಡುತ್ತಿದ್ದರು. ನಮ್ಮ ಹಾಸ್ಯನಟ ತುರೋಲ್ ಬರೆದುಕೊಟ್ಟದ್ದು ನನಗಿನ್ನೂ ಬಾಯಿಪಾಠ: "ಹೊಟ್ಟೆಯನ್ನು ಬೇಕಾದಷ್ಟು ಹಿಗ್ಗಿಸು. ಮೂಗನ್ನು ಮಾತ್ರ ಹೆಂಡತಿಯನ್ನು ಕೇಳಿ ಮುಟ್ಟು."

ಆನ್ಸೆಲ್ಮ್ ಎರಡನ್ನೂ ಬಿಟ್ಟು ಬಾಯಿ ಹಿಡಿದ. ಚಿತ್ರದಲ್ಲಿ ತುರೋಲನ ಬಾಯಿ ಬಲಗಡೆಗೆ ಒದ್ದೆ ಕಾಲುಚೀಲದಂತೆ ಜೋತುಬಿದ್ದಿತ್ತು.

"ಅಯ್ಯೋ ಪಾಪಿ, ನನ್ನ ಬಾಯನ್ನ ಯಾವ ಗೂಟಕ್ಕೆ ನೇತುಹಾಕಿದ್ಯೋ!" ಎಂದು ತುರೋಲ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. ವಾರವಿಡೀ ಊರೂ ನಕ್ಕಿತು.

ಚಿತ್ರ ಅಚ್ಚಾದ ಹತ್ತೊಂಬತ್ತನೆಯ ದಿನ, ಎರಡನೆಯ ಅಂಕದ ನಡುವೆ, ತುರೋಲ್ ರಂಗದ ಮೇಲೆ ಕುಸಿದ. ಎತ್ತಿ ಕೂರಿಸಿದಾಗ ಬಾಯಿ ಬಲಗಡೆಗೆ ಜೋತಿತ್ತು, ಚಿತ್ರದಲ್ಲಿದ್ದಂತೆಯೇ. ಬಲಗೈ ಸತ್ತಿತ್ತು, ಮಾತು ಹೋಗಿತ್ತು.

ಆಮೇಲೆ ಆನ್ಸೆಲ್ಮನಿಗೆ ಒಬ್ಬರೂ ಚೀಟಿ ಬರೆದುಕೊಡಲಿಲ್ಲ. ವಾರಪತ್ರಿಕೆಯ ಸಂಪಾದಕರು ಈಸ್ಟರಿನ ತನಕ ಗಡುವು ಕೊಟ್ಟರು: ಅಷ್ಟರಲ್ಲಿ ಒಂದಾದರೂ ಚೀಟಿ ತರದಿದ್ದರೆ ಅವನ ಪುಟ ಬೇರೆಯವರಿಗೆ. ಅವನ ಪರವಾಗಿ ನಾನೇ ನಾಯಕಿ ಓರ್ತಾನ್ಸಳನ್ನು ಕೇಳಿದೆ.

"ರಂಗದ ಮೇಲೆ ಸಿಳ್ಳೆ ಹಾಕ್ದೋನನ್ನೇ ಅಪಶಕುನ ಅಂತ ಓಡಿಸೋ ಜನ ನಾವು. ಇವನನ್ನ ಹತ್ರ ಬಿಟ್ಕೊಳ್ತೀವಾ? ದಿನಾ ಚರ್ಚಿನ ಪೂಜೆಗೆ ಹೋಗೋರು ನೀವು, ನೀವೇ ಹೇಳಿ."

"ಅವನು ಕಂಡದ್ದನ್ನ ಬರೆದ, ಅಷ್ಟೇ ತಾಯಿ."

"ಅದೇ ಭಯ ಸಿದೋನಿಯಮ್ಮ. ನನ್ನಲ್ಲಿ ಏನ್ ಕಾಣ್ತಾನೋ!"

ನಾನು ಸೂಜಿಗೆ ದಾರ ಪೋಣಿಸಿದೆ. ಒಲೆಯ ಪಕ್ಕ ಆನ್ಸೆಲ್ಮ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ತುರೋಲ್ ಅವ್ರ ಬಾಯಿ ನಾನು ಬರೆಯೋವಾಗ್ಲೇ ಒಂಚೂರು ಜಾರಿತ್ತು" ಎಂದ, ಅವಳು ಹೋದ ಮೇಲೆ. "ನಂಗೆ ತಮಾಷೆಯಾಗಿ ಕಾಣ್ತು. ವೈದ್ಯನಾಗಿದ್ರೆ ಹೇಳ್ತಿದ್ನೇನೋ."

ಕೊನೆಗೆ ಅವನಿಗೆ ಒಪ್ಪಿಗೆ ಕೊಡಲು ಬಯಸಿದವನು ತುರೋಲ್ ಒಬ್ಬನೇ. ನಾನು ಅವನ ಮನೆಗೆ ಸೂಪು ಒಯ್ದ ದಿನ ಆನ್ಸೆಲ್ಮನೂ ಜೊತೆಗೆ ಬಂದಿದ್ದ. ತುರೋಲ್ ಎಡಗೈಯಿಂದ ತನ್ನ ಬಾಯಿ ತೋರಿಸಿದ, ಆನ್ಸೆಲ್ಮನ ಜೇಬಿನಲ್ಲಿದ್ದ ಪೆನ್ಸಿಲ್ ತೋರಿಸಿದ, ಹೊಟ್ಟೆ ಕುಣಿಸಿದ. ಬರೆ ಎನ್ನುತ್ತಿದ್ದ. ಬಾಯಿ ಜೋತವನೇ ತನ್ನ ಚಿತ್ರಕ್ಕೆ ನಕ್ಕರೆ ಉಳಿದವರ ಭಯ ಹೋದೀತು ಎಂದು ನನಗೂ ಅನ್ನಿಸಿತು. ಆನ್ಸೆಲ್ಮ್ ಬರೆದ: ಕಿಟಕಿಯ ಬಳಿ ಕೂತ ತುರೋಲ್ ತನ್ನ ಬಾಯನ್ನು ಗೂಟದಿಂದ ಬಿಡಿಸಿಕೊಳ್ಳುತ್ತಿದ್ದಾನೆ. ಅವನ ಹೆಂಡತಿ ಕೂಡ ನಕ್ಕಳು. ಆಮೇಲೆ ಹಾಳೆ ಜಾರದಂತೆ ನಾನು ಒತ್ತಿ ಹಿಡಿದೆ. ತುರೋಲ್ ಎಡಗೈಯಲ್ಲಿ ಅರ್ಧ ಗಂಟೆ ಹೆಣಗಿ "ಒಪ್ಪಿದೆ" ಎಂದು ಬರೆದು ಹೆಸರು ಹಾಕಿದ. ಅಕ್ಷರಗಳು ಮಳೆಯಲ್ಲಿ ಓಡುವ ಕೋಳಿಗಳಂತಿದ್ದವು.

ಮುದ್ರೆಗೆಂದು ಒಯ್ದಾಗ ಕಚೇರಿಯ ಗುಮಾಸ್ತರು ಕಡತದಿಂದ ತುರೋಲನ ಹಳೆಯ ಚೀಟಿ ತೆಗೆದು ಪಕ್ಕದಲ್ಲಿಟ್ಟರು. ಹೊಟ್ಟೆ, ಮೂಗಿನ ಆ ಚೀಟಿಯೇ.

"ಇದೂ ಅದೂ ಒಬ್ರ ಕೈ ಅಲ್ಲ."

"ಆ ಕೈ ಹೋಗಿದೆ ಸ್ವಾಮಿ. ಇದು ಇನ್ನೊಂದು ಕೈ" ಎಂದ ಆನ್ಸೆಲ್ಮ್.

"ನಮ್ಮ ಹತ್ರ ಇರೋದು ಆ ಕೈ. ಹಾಗಾದ್ರೆ ಅವ್ರೇ ಬಂದು ಬಾಯಿಬಿಟ್ಟು ಹೇಳ್ಲಿ."

"ಮಾತೂ ಹೋಗಿದೆ."

ಗುಮಾಸ್ತರು ಕೆಟ್ಟವರಲ್ಲ. ಅವನನ್ನು ಕನಿಕರದಿಂದಲೇ ನೋಡಿದರು. ಚೀಟಿಯನ್ನು ನೀಟಾಗಿ ಮಡಿಸಿ, ಮುದ್ರೆ ಒತ್ತದೆ, ಹಿಂದಕ್ಕೆ ಕೊಟ್ಟರು.

ಈಸ್ಟರ್ ಕಳೆದ ಮಂಗಳವಾರ ಆನ್ಸೆಲ್ಮ್ ಗ್ರೆನೋಬ್ಲಿಗೆ ಹೊರಟ, ಅಪ್ಪನ ಜೊತೆ ಚರ್ಮ ಕತ್ತರಿಸಲು. ತುರೋಲನಿಗೆ ವಿಷಯ ಹೇಳಿ ಹೋಗು ಎಂದೆ. ಅವನ ಮನೆಯ ಮೆಟ್ಟಿಲ ತನಕ ಹೋಗಿ ತಿರುಗಿ ಬಂದ.

"ನನ್ನಿಂದ ಆಗಲ್ಲ ಸಿದೋನಿಯಮ್ಮ. ನೀವೇ ಹೇಳ್ಬಿಡಿ."

ನಾನು ಭಾನುವಾರದ ಪೂಜೆ ಮುಗಿಸಿ ಬರುವ ದಾರಿಯಲ್ಲೇ ತುರೋಲನ ಕಿಟಕಿ. ಅವನು ಕಾದಿರುತ್ತಿದ್ದ. ಎಡಗೈಯಿಂದ ಗಾಳಿಯಲ್ಲಿ ಪುಟ ತಿರುವಿದಂತೆ ಮಾಡಿ ಹುಬ್ಬೇರಿಸುತ್ತಿದ್ದ: ಪತ್ರಿಕೆಯಲ್ಲಿ ಬಂತಾ?

"ಮುಂದಿನ ವಾರ ಬರುತ್ತಂತೆ" ಎಂದೆ.

ಶನಿವಾರ ಪಾದ್ರಿಗಳ ಮುಂದೆ ಮೊಣಕಾಲೂರಿ ಆ ಸುಳ್ಳನ್ನು ಒಪ್ಪಿಕೊಂಡೆ. ಮರುದಿನ ಭಾನುವಾರ ತುರೋಲ್ ಕಿಟಕಿಯಲ್ಲಿ ಕೈ ಎತ್ತಿದ. ಮತ್ತೆ ಅದನ್ನೇ ಹೇಳಿದೆ.