ಅಟ್ಟದ ಬಾಗಿಲಿಗೊಂದು ಚಿಲಕ

ನನಗೆ ಟೋಪಾಲಜಿ ಎಂಬ ಗಣಿತ ತಲೆಗೆ ಹತ್ತಿದ್ದು ಕ್ಲಾಸಿನಲ್ಲಲ್ಲ, ಹಂದನಕೆರೆಯ ಅತ್ತೆಮನೆಯಲ್ಲಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಎಪ್ಪತ್ತರ ದಶಕದ ಕೊನೆಯ ಮಾತು. ಎಂ.ಎಸ್ಸಿ.ಯ ಆ ಒಂದು ಪೇಪರ್ ಉಳಿಸಿಕೊಂಡೇ ಮದುವೆಯಾಗಿ ಬಂದಿದ್ದೆ. "ಇನ್ನೊಂದ್ಸಲ ಬರಿ. ಆಗ್ಲಿಲ್ಲ ಅಂದ್ರೆ ಪುಸ್ತಕ ಕಟ್ಟಿಡು" ಎಂದಿದ್ದರು ಮಾವ. ಓದಲು ಎಲ್ಲಿ ಕೂತರೂ ಅತ್ತೆ ಅಲ್ಲಿಗೆ ಹಾಜರು. ಹಿತ್ತಲಿಗೆ ಹೋದರೆ ಅವರಿಗೆ ತೆಂಗಿನ ಗರಿ ಸೀಳುವ ನೆಪ. ಕೊನೆಗೆ ಕೊಬ್ಬರಿ ಅಟ್ಟ ಹತ್ತಿದೆ. ಕಾಯಿ ಒಣಗಲಿ ಎಂದು ತಿಂಗಳುಗಟ್ಟಲೆ ಯಾರೂ ಹತ್ತದ ಜಾಗ ಅದು. ಐದೇ ನಿಮಿಷಕ್ಕೆ ಅತ್ತೆ ಏಣಿ ಹತ್ತಿ ಬಂದು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದರು.

"ಒಬ್ಳೇ ಕೂತ್ಕಂಡ್ರೆ ಬ್ಯಾಸ್ರ ಆಗಕಿಲ್ವೇನೇ?"

ತೊಡೆಯ ಮೇಲಿದ್ದ ಪುಟದಲ್ಲೂ ಇದೇ ಸಂಸಾರ! ಎರಡೇ ಬಿಂದುಗಳು. ಒಂದಕ್ಕೆ ತನ್ನದೇ ಬೇಲಿಯುಂಟು. ಇನ್ನೊಂದರ ಸುತ್ತ ಎಂಥ ಬೇಲಿ ಹಾಕಿದರೂ ಮೊದಲನೆಯದು ಒಳಗೇ ಇರುತ್ತದೆ. ಅತ್ತೆ ದೇವರಮನೆಯಲ್ಲಿ ಕೂತರೆ ನಾನು ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಬೇಲಿಯೊಳಗೆ ಮಾತ್ರ ಅವರು ಸದಾ ಇರುತ್ತಿದ್ದರು. ಹೀಗೆ ಒಬ್ಬರಿಗಾದರೂ ಬೇಲಿ ಇದ್ದರೆ ಟಿ-ಸೊನ್ನೆ ಎನ್ನುತ್ತಾರೆ. ಇಬ್ಬರಿಗೂ ಇನ್ನೊಬ್ಬರನ್ನು ಹೊರಗಿಡುವ ಬೇಲಿ ಇದ್ದರೆ ಟಿ-ಒಂದು. ಆ ಬೇಲಿಗಳು ಒಂದರ ಮೇಲೊಂದು ಬೀಳದಿದ್ದರೆ ಟಿ-ಎರಡು. ಮೇಲಿನ ಅಂಕೆಯದಿದ್ದರೆ ಕೆಳಗಿನದು ಇದ್ದೇ ಇರುತ್ತದೆ. ಕೆಳಗಿನದಿದ್ದರೆ ಮೇಲಿನದರ ಖಾತರಿಯಿಲ್ಲ.

ಇನ್ನೊಂದು ಗುಣವಿದೆ, ನಾರ್ಮಲ್ ಎಂದು. ಮುಚ್ಚಿದ ಗಣವೆಂದರೆ, ತನ್ನನ್ನು ಬಿಟ್ಟು ಮಿಕ್ಕದ್ದೆಲ್ಲ ಒಂದು ಬೇಲಿಯೊಳಗೆ ಬರುವಂಥ ಬಿಂದುಗಳ ಗುಂಪು. ಒಂದನ್ನೊಂದು ಮುಟ್ಟದ ಎರಡು ಮುಚ್ಚಿದ ಗಣಗಳಿದ್ದರೆ ಎರಡಕ್ಕೂ ಒಂದರ ಮೇಲೊಂದು ಬೀಳದ ಬೇಲಿ ಸಿಗಬೇಕು. ಆ ಪುಟದ ಸಂಸಾರ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು, ಯಾಕೆಂದರೆ ಹಾಗೆ ಬೇರೆ ನಿಲ್ಲುವ ಎರಡು ಗಣಗಳೇ ಅಲ್ಲಿಲ್ಲ. ಓದಿದವಳಿಗೆ ಮಾವನ ಮಾತು ನೆನಪಾಯಿತು. ಬಂದವರಿಗೆಲ್ಲ ಅವರು, "ನಮ್ಮನೇಲಿ ಅತ್ತೆ ಸೊಸೆ ಜಗಳಾನೇ ಇಲ್ಲ ಕಣ್ರೀ" ಎನ್ನುತ್ತಿದ್ದರು. ಜಗಳವಾಡಲು ಸೊಸೆಗೆ ನಿಲ್ಲುವಷ್ಟಾದರೂ ಜಾಗ ಬೇಡವೇ? ನನಗೆ ಕೆಟ್ಟ ಸಿಟ್ಟು ಬಂತು.

ಮಾರನೆಯ ದಿನವೇ ಚಿಕ್ಕನಾಯಕನಹಳ್ಳಿಯಿಂದ ಚಿಲಕ ತಂದು, ಅಟ್ಟದ ಬಾಗಿಲಿಗೆ ಒಳಗಡೆಯಿಂದ ನಾನೇ ಜಡಿದೆ. ಎರಡು ಮೊಳೆ ಸೊಟ್ಟಗಾದವು, ಹೆಬ್ಬೆರಳು ಜಜ್ಜಿತು.

"ನನ್ ಮನೇಲಿ ನಂಗೇ ಚಿಲ್ಕಾನಾ?" ಕೆಳಗಿನಿಂದ ಅತ್ತೆ ಗುಡುಗಿದರು.

"ಹೂಂ ಅತ್ತೆ. ನಿಮಗೆ ದೇವರಮನೆ ಐತಲ್ಲ, ನಂಗೆ ಇದು."

ಮೂರು ದಿನ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರು. ಆ ಮನೆಯ ಮೊದಲ ಜಗಳ ಅದು, ನನಗಂತೂ ಹೆಮ್ಮೆಯಾಯಿತು. ನಾಲ್ಕನೆಯ ದಿನ ಬಾಗಿಲು ಬಡಿದ ಸದ್ದು. "ಕಾಫಿ ತಂದಿವ್ನಿ. ಒಳಗ್ ಬರ್ಲೇನವ್ವ?"

ಅತ್ತೆ ನನ್ನನ್ನು ಕೇಳಿ ಒಳಗೆ ಬಂದದ್ದು ಅದೇ ಮೊದಲು. ಪೇಪರೂ ಪಾಸಾಯಿತು. ಎರಡೇ ಬಿಂದುಗಳ ಲೋಕದಲ್ಲಿ ಟಿ-ಒಂದು ಸಿಕ್ಕರೆ ಸಾಕು, ಮಿಕ್ಕ ಗುಣಗಳೆಲ್ಲ ತಾವಾಗಿ ಬರುತ್ತವೆ. ಕಾಗದದ ಮೇಲೆ ಸಾಧಿಸಲು ಎರಡು ಸಾಲು ಸಾಕು. ಚಿಲಕವನ್ನು ಮಾತ್ರ ನಾವೇ ಜಡಿದುಕೊಳ್ಳಬೇಕು.