ಮನೆಯನ್ನು ಬಾಯಿಪಾಠ ಮಾಡಿದ ಅತ್ತೆ

ವರ್ಷಕ್ಕೊಮ್ಮೆ ಮನೆಯ ವಿಮೆ ಮಾಡಿಸಲು ಅತ್ತೆ ಕೂತರೆಂದರೆ ಸೊಸೆ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಾಳೆ. ಮೂರು ಕಂಪನಿಗಳ ಕೊಟೇಶನ್ನುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಅತ್ತೆ ಒಂದೊಂದನ್ನೂ ಕೊನೆಯ ಪುಟದಿಂದ ಓದುತ್ತಾರೆ. "ಕೊಡೋದನ್ನ ಕುಂಬಳಕಾಯಿ ಗಾತ್ರ ಬರೀತಾರೆ, ಕೊಡದೇ ಇರೋದನ್ನ ಸಾಸಿವೆಯಷ್ಟು" ಎನ್ನುತ್ತಾ ಭೂತಗನ್ನಡಿ ಎತ್ತಿದರೆ ಸಾಕು, ಅವನ್ನು ತಂದ ಏಜೆಂಟನ ಹಣೆಯಲ್ಲಿ ಬೆವರೊಡೆಯುತ್ತದೆ. "ಇದೇ ಎಲ್ಲಕ್ಕಿಂತ ಅಗ್ಗ ಅಮ್ಮಾ" ಎಂದು ಅವನು ಬಾಯಿಬಿಟ್ಟರೆ, "ತೂತು ಕೊಡೆನೂ ಅಗ್ಗವೇ ಕಣಪ್ಪ. ಪೈಪ್ ಒಡೆದರೆ ಇದರಲ್ಲಿ ಏನೂ ಬರಲ್ಲ, ನೋಡು. ಜಾಗದ ಬೆಲೆ ಯಾಕೆ ಸೇರಿಸಿದ್ದೀಯ? ಮಣ್ಣಿಗೆ ಬೆಂಕಿ ಹತ್ತಲ್ಲ. ಗೋಡೆ ಮತ್ತೆ ಎಬ್ಬಿಸೋಕೆ ಎಷ್ಟು ಬೇಕೋ ಅಷ್ಟು ಹಾಕು" ಎಂದು ಅಟ್ಟಾಡಿಸುತ್ತಾರೆ. ನಿಜವಾದ ಪವಾಡ ಆಮೇಲಿನದು. ಒಳಗಿನ ಸಾಮಾನಿಗೆ ಎಷ್ಟು ಮೊತ್ತ ಎಂದು ಅವನು ಕೇಳಿದೊಡನೆ ಅತ್ತೆ ಕಣ್ಣು ಮುಚ್ಚಿ, ಕೂತಲ್ಲೇ ಕೋಣೆ ಕೋಣೆ ಸುತ್ತುತ್ತಾರೆ: ಬಾಗಿಲ ಹಿಂದೆ ಕೊಡೆ ಮೂರು, ಮಂಚದಡಿ ಹೊಲಿಗೆ ಯಂತ್ರ, ಹಿಡಿ ಸಡಿಲವಾದ ಸೂಟ್‌ಕೇಸು, ಸೊಸೆ ಮೊನ್ನೆ ತಂದು ಇನ್ನೂ ಬಿಚ್ಚದ ಪರದೆ. ಬರೆದು ಬರೆದು ಕೈಸೋತ ಸೊಸೆ ಈ ಸಲ ಕೇಳಿಯೇಬಿಟ್ಟಳು: "ಅತ್ತೇ, ಇದೆಲ್ಲ ಹೇಗೆ ನೆನಪಿರುತ್ತೆ ನಿಮಗೆ?" ಅತ್ತೆ ಕಣ್ಣು ತೆರೆಯಲಿಲ್ಲ. "ನನಗೆ ಹತ್ತು ವರ್ಷ ಇದ್ದಾಗ ನಮ್ಮ ಮನೆ ಸುಟ್ಟುಹೋಯ್ತು. ಒಳಗೆ ಏನೇನಿತ್ತು ಅಂತ ವಿಮೆಯವರು ಕೇಳಿದರು. ನಮ್ಮಮ್ಮ ಸಂಕೋಚದವಳು. 'ಅಂಥದ್ದೇನಿರಲಿಲ್ಲ ಸ್ವಾಮಿ' ಅಂದುಬಿಟ್ಟಳು. ಅವರು ಹಾಗೇ ಬರ್ಕೊಂಡು ಹೋದರು." ಸೊಸೆಯ ಜೊತೆ ಏಜೆಂಟನೂ ಪೆನ್ನು ಕೆಳಗಿಟ್ಟ. ಅತ್ತೆಯ ಮುಚ್ಚಿದ ಕಣ್ಣು ಆಗಲೇ ಅಡುಗೆಮನೆ ಹೊಕ್ಕಿತ್ತು. "ಬರ್ಕೊಮ್ಮಾ, ಚಮಚ ಹನ್ನೊಂದು. ಹನ್ನೆರಡನೇದು ಕಳೆದಿದೆ, ಅದನ್ನ ಸೇರಿಸಬೇಡ."